ಅರಸೀಕೆರೆಯ ದರ್ಜಿ, ಜಯನಗರದ ಟೀಚರ್

ಅಪ್ಪನ ಕುತ್ತಿಗೆಯ ಗಂಟು ಮೊದಲು ಸಿಕ್ಕಿದ್ದು ಅವನದೇ ಅಳತೆ ಟೇಪಿಗೆ. ಅರಸೀಕೆರೆಯಲ್ಲಿ ಮನೆ ಮುಂಭಾಗದಲ್ಲೇ ನಮ್ಮ ಹೊಲಿಗೆ ಅಂಗಡಿ. ಯಾರದೋ ಮದುವೆಗೆ ಅಂತ ತನಗೇ ಒಂದು ಅಂಗಿ ಹೊಲಿದುಕೊಳ್ಳೋಕೆ ಕೂತವನು ಕಾಲರ್ ಅಳೆದ. ಎಷ್ಟೋ ವರ್ಷದಿಂದ ಹದಿನೈದೂವರೆ ಇದ್ದದ್ದು ಹದಿನಾರೂವರೆ ಬಂತು. ಮೈ ಬಂದಿದೆ ಅನ್ನೋಣ ಅಂದರೆ ಸೊಂಟದಲ್ಲಿ ಎರಡಿಂಚು ಇಳಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಹೆಂಡತಿಯನ್ನ ಕೂಗಿ ತೋರಿಸೋರು. ಅಪ್ಪ ಅಳತೆ ಪುಸ್ತಕದಲ್ಲಿ ಹೊಸ ಲೆಕ್ಕ ಬರೆದ, ಅಂಗಿಯನ್ನ ಹದಿನಾರೂವರೆಗೇ ಕತ್ತರಿಸಿ ಹೊಲಿದ, ತೊಟ್ಟುಕೊಂಡು ಮದುವೆಗೆ ಹೋಗಿ ಉಂಡು ಬಂದ. ನಮಗ್ಯಾರಿಗೂ ಒಂದು ಮಾತಿಲ್ಲ.

ಚಿಕ್ಕಮ್ಮನಿಗೆ ಬರೋ ವಾರ ಕೀಮೋ ಶುರು ಅಂತ ಎಲ್ಲಾ ಸೇರಿದ್ದೀರಿ, ಹೇಗಿರುತ್ತೆ ಅಂತ ಕೇಳ್ತಿದ್ದೀರಿ. ಒಲೆಗೆ ಇನ್ನೊಂದು ಕೊರಡು ಹಾಕಿ, ಹೇಳ್ತೀನಿ. ಔಷಧಿ ವಿಷಯ ಡಾಕ್ಟ್ರು ಹೇಳ್ತಾರೆ. ನಾನು ಹೇಳೋದು ಈ ಬಾಯಿ ಬಿಡದ ಮನುಷ್ಯ ಕೊನೆಗೆ ಬಾಯಿ ಬಿಟ್ಟಿದ್ದು ಯಾರ ಹತ್ತಿರ ಅನ್ನೋದನ್ನ.

ಅದು 2019ರ ಬೇಸಿಗೆ. ಅವ್ವ ಹಟ ಹಿಡಿದ ಮೇಲೆ ಹಾಸನದಲ್ಲಿ ಗಂಟು ತೆಗೆದು ಬಯಾಪ್ಸಿಗೆ ಕಳಿಸಿದರು. ವರದಿಯಲ್ಲಿ ಬಂದ ಹೆಸರು ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ. ದುಗ್ಧಗ್ರಂಥಿಯಲ್ಲಿ ಹುಟ್ಟೋ ಕ್ಯಾನ್ಸರ್. ಅಲ್ಲಿಂದ ಬೆಂಗಳೂರಿನ ಕಿದ್ವಾಯಿಗೆ ಹೋದೆವು. ನಾನು ಹುಟ್ಟೋದಕ್ಕೂ ಮೊದಲು, 1973ರಿಂದ ಇರೋ ಆಸ್ಪತ್ರೆ ಅದು. ನಮ್ಮ ಕಡೆ ‘ಕಿದ್ವಾಯಿಗೆ ಹೋಗಿದಾರೆ’ ಅಂದರೆ ಕೇಳಿದವರು ಅಲ್ಲಿಗೇ ಮಾತು ನಿಲ್ಲಿಸಿಬಿಡ್ತಾರೆ. ಆದರೆ ಒಳಗೆ ಡಾಕ್ಟ್ರು ಮಾತು ನಿಲ್ಲಿಸಲಿಲ್ಲ. ಇದು ಜೋರಾಗಿ ಬೆಳೆಯೋ ಜಾತಿ, ಆದರೆ ಔಷಧಿಗೆ ಬಗ್ಗೋ ಜಾತಿಯೂ ಹೌದು, ಬಹಳ ಜನ ಪೂರ್ತಿ ವಾಸಿಯಾಗ್ತಾರೆ ಅಂದರು. ಇಪ್ಪತ್ತೊಂದು ದಿನಕ್ಕೊಂದರಂತೆ ಆರು ಸೈಕಲ್. ಅಪ್ಪ ಕೇಳಿದ್ದು ಒಂದೇ: “ಸೈಕಲ್ ಅಂದ್ರೆ, ಸಾರ್?” ಕೇಳಿ ತಿಳಿದುಕೊಂಡು ತಲೆ ಆಡಿಸಿದ.

ಖರ್ಚಿನ ಗೋಳು ಬೇಡ. ಬಿಪಿಎಲ್ ಕಾರ್ಡಿತ್ತು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಒಂದು ಕುಟುಂಬಕ್ಕೆ ಐದು ಲಕ್ಷದವರೆಗೆ ಇದೆ. ಆಸ್ಪತ್ರೆಯ ಸರ್ಟಿಫಿಕೇಟ್ ತೋರಿಸಿದರೆ ರೈಲಿನಲ್ಲಿ ರೋಗಿಗೆ ಸ್ಲೀಪರ್ ಪೂರ್ತಿ ಉಚಿತ, ಜೊತೆಗಿರೋರಿಗೆ ಮುಕ್ಕಾಲು ರಿಯಾಯಿತಿ. ಇದನ್ನ ನಮಗೆ ಹೇಳಿದ್ದು ಕೌಂಟರಿನವರಲ್ಲ, ಕ್ಯೂನಲ್ಲಿ ಮುಂದಿದ್ದ ಗೌರಿಬಿದನೂರಿನ ಹೆಂಗಸು. ಆಮೇಲೆ ಯೋಚಿಸಿದರೆ, ನಮಗೆ ಬೇಕಾದ ಮುಕ್ಕಾಲುಪಾಲು ವಿಷಯ ಬಂದದ್ದು ಹೀಗೇ, ಮುಂದಿನ ಬೆಂಚಿನವರಿಂದ.

ಮೊದಲನೇ ಸಲ ರಿಟುಕ್ಸಿಮ್ಯಾಬ್ ಅನ್ನೋದನ್ನ ಹನಿ ಹನಿಯಾಗಿ ಬಿಟ್ಟರು. ಅರ್ಧ ದಾರಿಯಲ್ಲಿ ಅಪ್ಪನಿಗೆ ಚಳಿ ಹಿಡಿದು ಮಂಚ ಅಲ್ಲಾಡೋ ಹಾಗೆ ನಡುಗಿದ. ನರ್ಸಮ್ಮ ಬಂದು ಬಾಟಲಿ ನಿಲ್ಲಿಸಿ, ಇಂಜೆಕ್ಷನ್ ಕೊಟ್ಟು, ಕಂಬಳಿ ಹೊದಿಸಿ, ಇನ್ನೂ ನಿಧಾನ ಮಾಡಿ ಮತ್ತೆ ಶುರು ಮಾಡಿದರು. ಮೊದಲ ಸಲ ಹೀಗಾಗೋದು ಮಾಮೂಲು ಅಂತ ಅವರಿಗೆ ಗೊತ್ತು. ನಮಗೆ ಗೊತ್ತಿರಲಿಲ್ಲ, ಅವ್ವ ಹೊರಗೆ ಓಡಿಹೋಗಿ ಧರ್ಮಸ್ಥಳಕ್ಕೆ ಹರಕೆ ಹೊತ್ತು ಬಂದಳು. ಅದು ಮುಗಿಯೋ ಹೊತ್ತಿಗೆ ಸಾಯಂಕಾಲ ಆಗಿ ಉಳಿದದ್ದು ಮಾರನೇ ದಿನಕ್ಕೆ ಹೋಯಿತು. ಎರಡನೇ ದಿನ ಕೆಂಪು ಔಷಧಿ, ಡಾಕ್ಸೋರುಬಿಸಿನ್. ಒಂದಕ್ಕೆ ಹೋದರೂ ಕೆಂಪಗೆ ಬರುತ್ತೆ, ಹೆದರಬೇಡಿ ಅಂತ ಮೊದಲೇ ಹೇಳಿದ್ದರು. ಆಮೇಲೆ ಸಣ್ಣ ಬಾಟಲಿಯಲ್ಲಿ ನೀರಿನ ಹಾಗಿದ್ದ ವಿನ್‌ಕ್ರಿಸ್ಟಿನ್.

ಈ ವಿನ್‌ಕ್ರಿಸ್ಟಿನ್ ಕಥೆ ಕೇಳಿ. ನಮ್ಮ ಹಿತ್ತಲಲ್ಲಿ ಇದೆಯಲ್ಲ ನಿತ್ಯಪುಷ್ಪ, ಕೆಲವರು ಕಾಶಿ ಕಣಗಿಲೆ ಅಂತಾರೆ, ಅದರಿಂದ ತೆಗೆಯೋದು ಅದನ್ನ. 1952ರಲ್ಲಿ ಜಮೈಕಾ ದ್ವೀಪದಿಂದ ಕೆನಡಾದ ಕ್ಲಾರ್ಕ್ ನೋಬಲ್ ಅನ್ನೋ ಡಾಕ್ಟರಿಗೆ ಒಂದು ಲಕೋಟೆಯಲ್ಲಿ ಆ ಗಿಡದ ಎಲೆ ಬಂತಂತೆ. ಅಲ್ಲಿ ಜನ ಸಕ್ಕರೆ ಕಾಯಿಲೆಗೆ ಅದರ ಕಷಾಯ ಕುಡೀತಿದ್ದರು, ನಮ್ಮಲ್ಲಿ ಎಲೆ ಜಗಿಯೋ ಹಾಗೆ. ಅವರ ತಮ್ಮ ರಾಬರ್ಟ್ ನೋಬಲ್ ಪರೀಕ್ಷೆ ಮಾಡಿದರೆ ಸಕ್ಕರೆ ಇಳಿಯಲೇ ಇಲ್ಲ, ಇಳಿದದ್ದು ಬಿಳಿ ರಕ್ತಕಣ. ಬಿಳಿ ಕಣವನ್ನ ಇಳಿಸೋದು ರಕ್ತದ ಕ್ಯಾನ್ಸರಿಗೆ ಆಗಬಹುದಲ್ಲ ಅಂತ ಹೊಳೆದದ್ದು ಆಗ. ಮೊದಲು ವಿನ್‌ಬ್ಲಾಸ್ಟಿನ್ ಸಿಕ್ಕಿತು, ಆಮೇಲೆ ಅದರ ತಂಗಿ ವಿನ್‌ಕ್ರಿಸ್ಟಿನ್. ಇದನ್ನ ಓದಿ ಅಪ್ಪನಿಗೆ ಹೇಳಿದರೆ ಅವನು ಬಾಟಲಿಯನ್ನೇ ನೋಡ್ತಾ, “ನಿಮ್ಮವ್ವ ದಿನಾ ಕಿತ್ತು ದೇವರ ತಲೆ ಮೇಲೆ ಇಟ್ಲು. ಈಗ ನನಗೆ ಬಂತು ನೋಡು,” ಅಂದ. ಊರಿಗೆ ವಾಪಸ್ ಬರೋದರೊಳಗೆ ಪಕ್ಕದ ಮನೆಯವರು ಆ ಎಲೆ ಅರೆದು ಲೋಟದಲ್ಲಿ ತಂದಿದ್ದರು. ಯಾರಾದರೂ ತಂದರೆ ಚೆಲ್ಲಿಬಿಡಿ. ದೊಡ್ಡವರಿಗೆ ಒಂದು ಸಲಕ್ಕೆ ಹೆಚ್ಚೆಂದರೆ 2 ಮಿಲಿಗ್ರಾಂ ಕೊಡೋ ಔಷಧಿ ಅದು, ಅಷ್ಟಕ್ಕೇ ನರ ಸೋಲುತ್ತೆ.

ಮೊದಲ ಸೈಕಲ್ ಮುಗಿದದ್ದು ಶುಕ್ರವಾರ. ಆವತ್ತೇ ರೈಲು ಹತ್ತಿಸೋಕೆ ಧೈರ್ಯ ಬರಲಿಲ್ಲ. ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟಿರೋ ಧರ್ಮಶಾಲೆಯಲ್ಲಿ ರಾತ್ರಿ ಕಳೆದೆವು. ಬೆಳಗ್ಗೆ ಅಲ್ಲಿ ಬಟ್ಟೆ ಒಗೀತಿದ್ದ ರಾಯಚೂರಿನ ಹುಡುಗಿಯೊಬ್ಬಳು, ತಾಯಿಯನ್ನ ಕರಕೊಂಡು ಬಂದವಳು, ಇವತ್ತು ಎರಡನೇ ಶನಿವಾರ, ಜಯನಗರದಲ್ಲಿ ‘ಮೀಟಿಂಗ್’ ಇದೆ, ನಾವು ಹೋಗ್ತಿದ್ದೀವಿ, ಬರ್ತೀರಾ ಅಂದಳು. ಕ್ಯಾನ್ಸರ್ ಆದವರದ್ದೇ ಮೀಟಿಂಗ್. ಆಸ್ಪತ್ರೆಯ ಸೋಶಿಯಲ್ ವರ್ಕರ್ ಮೇಡಂ ಅವಳಿಗೆ ಹೇಳಿದ್ದಂತೆ.

“ಎಲ್ಲಾ ಸೇರ್ಕಂಡು ಅಳಾಕಾ?” ಅಂದ ಅಪ್ಪ. ಕಾಫಿ ತಿಂಡಿ ಇರುತ್ತೆ ಅಂದಳು ಹುಡುಗಿ. ನಮ್ಮ ರೈಲು ಸಾಯಂಕಾಲಕ್ಕಿತ್ತು, ಧರ್ಮಶಾಲೆಯಲ್ಲಿ ಕೂತು ಗೋಡೆ ನೋಡೋ ಬದಲು ಹೋಗೋಣ ಅಂತ ಹೊರಟೆವು. ಅಷ್ಟೇ ಕಾರಣ. ದೊಡ್ಡ ನಿರ್ಧಾರ ಏನೂ ಇರಲಿಲ್ಲ.

ಹಳೇ ಮನೆಯ ಹಜಾರ, ಪ್ಲಾಸ್ಟಿಕ್ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ. ನಡೆಸೋರನ್ನ ಎಲ್ಲರೂ ಟೀಚರ್ ಅಂತಲೇ ಕರೀತಿದ್ದರು. ರಿಟೈರಾದ ಹೈಸ್ಕೂಲ್ ಗಣಿತದ ಮೇಷ್ಟ್ರಮ್ಮ. ಅಪ್ಪನಿಗೆ ಬಂದಿದ್ದ ಲಿಂಫೋಮಾನೇ ಅವರಿಗೂ ಬಂದು, ಅದೇ ಆರು ಸೈಕಲ್ ಮುಗಿಸಿ ಹತ್ತು ವರ್ಷದ ಮೇಲಾಗಿತ್ತು. ಅವರು ಮೊದಲು ಮಾಡಿದ ಕೆಲಸ ನೋಟ್‌ಬುಕ್ ತೆಗೆದು ಅಪ್ಪನ ಫೋನ್ ನಂಬರ್ ಬರಕೊಂಡದ್ದು. ಅದರ ಪಕ್ಕದಲ್ಲೇ ನನ್ನದೂ ಬರಕೊಂಡರು. ಎರಡನೇ ಕೆಲಸ ನಮ್ಮನ್ನ ಬೇರೆ ಮಾಡಿದ್ದು. “ಪೇಷೆಂಟ್‌ಗಳು ಇಲ್ಲಿ, ಮನೆಯವರು ಆ ರೂಮು,” ಅಂದರು. ಅವ್ವ ಅಪ್ಪನ ಕೈ ಬಿಡಲಿಲ್ಲ. ಟೀಚರ್ ಬಂದು, “ಎಲ್ಲೂ ಹೋಗಲ್ಲ ಅಮ್ಮ, ಗೋಡೆ ಆಚೆ ಇರ್ತಾರೆ,” ಅಂತ ಅವ್ವನನ್ನೂ ಈಚೆ ಕಳಿಸಿದರು.

ಮನೆಯವರ ರೂಮಿನಲ್ಲಿ ನಾನು ಆವತ್ತು ಕಲಿತಷ್ಟು ಯಾವ ಪುಸ್ತಕದಲ್ಲೂ ಕಲೀತಿರಲಿಲ್ಲ. ಕೋಲಾರದವನೊಬ್ಬ ತಾಯಿಯ ಎಂಟನೇ ಕೀಮೋ ಮುಗಿಸಿದ್ದ. ಬಾಗಿಲ ಪಕ್ಕ ಒಂದು ಚೀಲ ಸಿದ್ಧ ಇಟ್ಟಿರಿ ಅಂದ. ಫೈಲು, ಕೊನೇ ಡಿಸ್ಚಾರ್ಜ್ ಸಮ್ಮರಿ, ಆಧಾರ್, ಆರೋಗ್ಯ ಕಾರ್ಡು, ಥರ್ಮಾಮೀಟರು, ಒಂದು ಟವೆಲ್ಲು. ಕೀಮೋ ಆದ ಒಂದು ವಾರದಿಂದ ಎರಡು ವಾರದ ನಡುವೆ ಬಿಳಿ ಕಣ ನೆಲ ಕಚ್ಚುತ್ತೆ, ಆಗ ಹೆಚ್ಚಿಟ್ಟ ಹಣ್ಣು, ಕೋಸಂಬರಿ, ಹೊರಗಿನ ಚಟ್ನಿ ಬೇಡ, ಶೀತ ಆದವರನ್ನ ಮನೆಯೊಳಗೆ ಬಿಡಬೇಡಿ ಅಂದಳು ರಾಯಚೂರಿನ ಹುಡುಗಿ. ನೆಂಟರು ಕೋಪ ಮಾಡಿಕೊಳ್ಳಲ್ವಾ ಅಂದೆ. “ಮಾಡ್ಕೊಳ್ಳಿ ಬಿಡ್ರಿ ಅಕ್ಕಾ,” ಅಂದಳು. ಆಮೇಲೆ ಯಾರೋ, ನಿಮ್ಮವರು ಮನೇಲಿ ಮಾತಾಡ್ತಾರಾ ಅಂತ ಕೇಳಿದರು. ಒಬ್ಬರೂ ಹೌದು ಅನ್ನಲಿಲ್ಲ. ಅದೇ ಹೊತ್ತಿಗೆ ಗೋಡೆ ಆಚೆಯಿಂದ ಗೊಳ್ಳಂತ ನಗು ಕೇಳಿಸಿತು. ಅದರಲ್ಲಿ ಅಪ್ಪನ ನಗು ಬೇರೆಯಾಗಿ ಗೊತ್ತಾಯಿತು. ಅವ್ವ ನನ್ನ ಮುಖ ನೋಡಿದಳು. ಆ ನಗು ಕೇಳಿ ನಮ್ಮಿಬ್ಬರಿಗೂ ತಿಂಗಳುಗಳೇ ಆಗಿದ್ದವು. ನನಗೆ ಖುಷಿ ಆಗಬೇಕಿತ್ತು. ಹೊಟ್ಟೆ ಉರೀತು ಅಂತ ಇಷ್ಟು ವರ್ಷದ ಮೇಲೆ ಹೇಳೋಕೆ ನಾಚಿಕೆ ಏನು.

ಇಂಥ ಗುಂಪುಗಳು ನಮ್ಮಲ್ಲಿ ಹೊಸದೇನಲ್ಲ, ಗೊತ್ತಿರೋರು ಕಮ್ಮಿ. ಮುಂಬಯಿಯಲ್ಲಿ ವಂದನಾ ಗುಪ್ತ ತಮ್ಮ ಕ್ಯಾನ್ಸರ್ ವಾಸಿಯಾದ ಮೇಲೆ 1994ರಲ್ಲಿ ವಿ ಕೇರ್ ಶುರು ಮಾಡಿದರು. ದೆಹಲಿಯ ಹರ್ಮಾಲಾ ಗುಪ್ತ ಅವರಿಗೆ ಕೆನಡಾದಲ್ಲಿದ್ದಾಗ ಲಿಂಫೋಮಾ ಆಗಿತ್ತು. ಊರಿಗೆ ಬಂದು 1996ರಲ್ಲಿ ಕ್ಯಾನ್‌ಸಪೋರ್ಟ್ ಕಟ್ಟಿದರು. ಬೆಂಗಳೂರಲ್ಲೇ ಮಾರತ್‌ಹಳ್ಳಿ ಕಡೆ ಕರುಣಾಶ್ರಯ ಇದೆ. ಅದು ಔಷಧಿ ಮುಗಿದುಹೋದವರನ್ನ ಕೊನೇ ತನಕ ಕಾಸಿಲ್ಲದೆ ನೋಡಿಕೊಳ್ಳೋ ಜಾಗ, ಬೇರೆ ಬಗೆಯ ಆಸರೆ. ಜಯನಗರದ ಗುಂಪು ಇವುಗಳ ಮುಂದೆ ಏನೇನೂ ಅಲ್ಲ, ಬೋರ್ಡು ಕೂಡ ಇರಲಿಲ್ಲ. ಆದರೆ ಒಂದು ಬಿಗಿ ಇತ್ತು. ಮುಂದಿನ ಸಲ ನಾವು ಹೋದಾಗ ಒಬ್ಬ ಸಫಾರಿ ತೊಟ್ಟವನು ಬಂದು ಲಕ್ಷ್ಮಣಫಲದ ಎಲೆ ಪುಡಿ, ಡಬ್ಬಕ್ಕೆ ಇಷ್ಟು ಅಂತ ಶುರು ಮಾಡಿದ. ಟೀಚರ್ ಅವನಿಗೂ ಕಾಫಿ ಕೊಟ್ಟು, ಕುಡಿಯೋ ತನಕ ಕಾದು, ಬಾಗಿಲ ತನಕ ಬಿಟ್ಟು ಬಂದರು. ಚಿಕ್ಕಮ್ಮನಿಗೆ ಗುಂಪು ಹುಡುಕ್ತೀರಲ್ಲ, ಇದನ್ನೇ ನೋಡಿ. ಅಲ್ಲಿ ಯಾರಾದರೂ ಏನಾದರೂ ಮಾರಿದರೆ, ಇಲ್ಲಾ ಡಾಕ್ಟ್ರ ಔಷಧಿ ಬಿಡಿ ಅಂದರೆ, ಚಪ್ಪಲಿ ಹಾಕ್ಕೊಂಡು ಎದ್ದು ಬನ್ನಿ.

ಪ್ರತಿ ಸೈಕಲ್ ಜೊತೆ ಐದು ದಿನ ಪ್ರೆಡ್ನಿಸೋಲೋನ್ ಮಾತ್ರೆ. ಅದು ಒಳಗಿದ್ದಷ್ಟು ದಿನ ಅಪ್ಪನಿಗೆ ಹಸಿವೋ ಹಸಿವು, ನಿದ್ದೆ ಮಾತ್ರ ಹತ್ತಿರ ಸುಳಿಯಲ್ಲ. ನಡುರಾತ್ರಿ ಉಪ್ಪಿಟ್ಟು ಕೇಳಿ, ತಿಂದು, ಅಂಗಡಿಯಲ್ಲಿ ಮಿಷಿನ್ ತುಳೀತಾ ಕೂತಿರೋನು. ಊರಲ್ಲಿ ಜನ, ಕ್ಯಾನ್ಸರ್ ಅಂತಾರೆ, ರಾತ್ರಿಯೆಲ್ಲಾ ಹೊಲೀತಾನೆ ಅಂತ ಮಾತಾಡಿಕೊಂಡರು. ಆರನೇ ದಿನ ಮಾತ್ರೆ ನಿಂತದ್ದೇ ಕತ್ತರಿ ಎತ್ತೋಕೂ ತ್ರಾಣ ಇಲ್ಲ. ತಲೆ ಮೊದಲೇ ಬೋಳು, ಅದರ ಚಿಂತೆ ಇರಲಿಲ್ಲ. ಮೀಸೆ ಉದುರಿದ್ದಕ್ಕೆ ಮಾತ್ರ ಅಂಗಡಿಯ ಕನ್ನಡಿಯನ್ನ ಗೋಡೆ ಕಡೆ ತಿರುಗಿಸಿಟ್ಟ.

ಎರಡನೇ ಸೈಕಲ್ ಆಗಿ ಹತ್ತು ದಿನ ಇರಬಹುದು. ಆಷಾಢದ ಗಾಳಿ, ಹೆಂಚಿನ ಮೇಲೆ ತೆಂಗಿನ ಗರಿ ಬಡೀತಿತ್ತು. ರಾತ್ರಿ ಎರಡರ ಹೊತ್ತಿಗೆ ನನ್ನ ಫೋನ್ ಹೊಡಕೊಂಡಿತು. ಟೀಚರ್.

“ನಿಮ್ಮಪ್ಪನಿಗೆ ನೂರೊಂದು ಜ್ವರ ಇದೆ. ಏಳಿ.”

ನನಗೆ ಅರ್ಥವೇ ಆಗಲಿಲ್ಲ. ಅಪ್ಪ ಇರೋದು ನಡುಮನೆ ಆಚೆ, ಅವನ ಜ್ವರ ಜಯನಗರಕ್ಕೆ ಹೇಗೆ ಗೊತ್ತಾಯ್ತು? “ಈಗ ಫೋನ್ ಮಾಡಿದ್ರು. ಮಗಳನ್ನ ಎಬ್ಬಿಸ್ಲಾ, ಬೆಳಗಾಗಲಿ ಅಂತ ಕಾಯ್ಲಾ ಅಂತ ಕೇಳಿದ್ರು. ನಾನು ಉತ್ತರ ಹೇಳದೆ ಫೋನಿಟ್ಟು ನಿಮಗೆ ಮಾಡಿದೆ. ಡೋಲೋ ಕೊಟ್ಟು ಮಲಗಿಸಬೇಡಿ. ಚೀಲ ತಗೊಳ್ಳಿ, ಹಾಸನಕ್ಕೆ ಹೊರಡಿ. ಕ್ಯಾಶುವಾಲ್ಟಿಯಲ್ಲಿ ಜ್ವರ ಅಂತ ಶುರು ಮಾಡಬೇಡಿ. ಮೊದಲ ಮಾತು ‘ಕೀಮೋ ಪೇಷೆಂಟ್’ ಅಂತಲೇ ಬರಬೇಕು. ಬರಕೊಳ್ಳಿ.” ನಾನು ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರಿನ ಅಂಚಿನಲ್ಲಿ ಬರಕೊಂಡು ಹಾಳೆ ಹರಿದುಕೊಂಡೆ.

ಅಪ್ಪ ಅಂಗಡಿಯ ಮಣೆ ಮೇಲೆ ಕಂಬಳಿ ಸುತ್ತಿಕೊಂಡು ಕೂತಿದ್ದ, ಕೈಯಲ್ಲಿ ಫೋನು. ಕಳ್ಳತನದಲ್ಲಿ ಸಿಕ್ಕಿಬಿದ್ದೋರ ಹಾಗೆ ನೋಡಿದ. ಎದುರು ಮನೆಯವರ ಓಮ್ನಿ ಹೊರಡಿಸಿದೆವು. ಹಾಸನಕ್ಕೆ ನಲವತ್ತು ಚಿಲ್ಲರೆ ಕಿಲೋಮೀಟರ್. ಅವ್ವ ಮುಂದೆ, ನಾನೂ ಅಪ್ಪನೂ ಹಿಂದೆ.

“ನನ್ನನ್ಯಾಕೆ ಎಬ್ಬಿಸಲಿಲ್ಲಪ್ಪ?”

ಸ್ವಲ್ಪ ದೂರ ಹೋದ ಮೇಲೆ ಅಂದ: “ನೀನು ಹೆದರ್ಕತೀಯ ಕಣವ್ವ. ಆಯಮ್ಮ ಹೆದರಲ್ಲ.”

ಹಾಸನದ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿ. ಮೇಜಿನ ಹಿಂದಿದ್ದವರು ಜ್ವರ ತಾನೆ, ಕೂತ್ಕೊಳ್ಳಿ, ಒಂದು ಮಾತ್ರೆ ಕೊಡ್ತೀವಿ, ಡಾಕ್ಟ್ರು ಬರ್ತಾರೆ ಅಂದರು. ನಾನು ಕ್ಯಾಲೆಂಡರ್ ಹಾಳೆ ನೋಡಿಕೊಂಡು ಗಟ್ಟಿಯಾಗಿ ಓದಿದೆ: ಕೀಮೋ ಪೇಷೆಂಟ್. ಕೀಮೋ ಆಗಿ ಹತ್ತು ದಿನ. ಜ್ವರ ನೂರೊಂದು. ನ್ಯೂಟ್ರೋಫಿಲ್ ನೋಡಬೇಕು, ಬ್ಲಡ್ ಕಲ್ಚರ್ ತಗೊಂಡು ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಹಾಕಬೇಕು. ನನ್ನ ಗಂಟಲು ನಡುಗಿದ್ದಕ್ಕೋ ಏನೋ, ಪರದೆ ಆಚೆ ಇದ್ದ ಹೌಸ್ ಸರ್ಜನ್ ಹುಡುಗಿ ಎದ್ದು ಬಂದಳು. ಫೈಲಿನ ಮೊದಲ ಪುಟ ನೋಡಿದವಳೇ ಅಪ್ಪನನ್ನ ಸಾಲಿನಿಂದ ಎತ್ತಿಸಿ ಒಳಗೆ ಕರಕೊಂಡು ಹೋದಳು. ಆಮೇಲೆ ಎಲ್ಲಾ ಬೇಗ ಬೇಗ ಆಯಿತು. ರಿಪೋರ್ಟ್ ಬಂದಾಗ ನ್ಯೂಟ್ರೋಫಿಲ್ 300. ಐನೂರಕ್ಕಿಂತ ಕೆಳಗಿದ್ದರೆ ಸಣ್ಣ ಸೋಂಕೂ ಗಂಟೆಗಳಲ್ಲಿ ರಕ್ತಕ್ಕೆ ಇಳಿಯುತ್ತೆ, ಮೈಯಲ್ಲಿ ಅದನ್ನ ತಡೆಯೋರೇ ಇರಲ್ಲ ಅಂತ ಆ ಹುಡುಗಿ ವಿವರಿಸಿದಳು. ಬೆಳಗಾಗೋ ತನಕ ಕಾದಿದ್ದರೆ ಅಂತ ಅವ್ವ ಕೇಳಿದಳು. ಹುಡುಗಿ ಡ್ರಿಪ್ಪಿನ ಗಾಲಿ ತಿರುಗಿಸ್ತಾ, “ಕಾದಿಲ್ಲವಲ್ಲ ಅಜ್ಜಿ,” ಅಂದಳು.

ಅಪ್ಪ ಚೇತರಿಸಿಕೊಂಡು ಮನೆಗೆ ಬಂದ. ಮುಂದಿನ ಸೈಕಲ್‌ಗಳಿಗೆ ಬಿಳಿ ಕಣ ಏರಿಸೋ ಇಂಜೆಕ್ಷನ್ ಹೊಟ್ಟೆಯ ಚರ್ಮಕ್ಕೆ ಕೊಡೋಕೆ ಶುರು ಮಾಡಿದರು. ಅಂಥ ರಾತ್ರಿ ಮತ್ತೆ ಬರಲಿಲ್ಲ. ಆದರೆ ನನ್ನ ಮನಸ್ಸಲ್ಲಿ ಆ ಮಾತು ಮುಳ್ಳಿನ ಹಾಗೆ ಉಳಕೊಂಡಿತು. ಕೆಲಸಕ್ಕೆ ರಜೆ ಹಾಕಿ, ತುಮಕೂರಿನ ಮನೆ ಬಿಟ್ಟು ಬಂದು, ಇವನ ಗಂಜಿ, ವಾಂತಿ, ಮಾತ್ರೆ ಎಲ್ಲಾ ನೋಡ್ತಿರೋಳು ನಾನು. ಹೆದರಿಕೆ ಹೇಳಿಕೊಳ್ಳೋಕೆ ಎರಡು ಸಲ ಕಂಡ ಟೀಚರ್ ಬೇಕಾದರು. ಒಂದು ಶನಿವಾರ ಕಾಫಿ ಲೋಟ ತೊಳೆಯೋವಾಗ ಟೀಚರನ್ನ ಕೇಳಿಯೇಬಿಟ್ಟೆ: ಅಪ್ಪ ಆ ಹಜಾರದಲ್ಲಿ ಏನು ಮಾತಾಡ್ತಾನೆ? “ಅದು ಅವರದು,” ಅಂದರು. ನಾನು ಬಿಡದಿದ್ದಕ್ಕೆ, “ನಿಮ್ಮ ಮುಂದೆ ಅವರಿಗೆ ಎರಡು ಕೆಲಸ ಅಮ್ಮ. ಕಾಯಿಲೆಯನ್ನೂ ನೋಡ್ಕೋಬೇಕು, ನಿಮ್ಮ ಮುಖಾನೂ ನೋಡ್ಕೋಬೇಕು. ಇಲ್ಲಿ ಎರಡನೇದಕ್ಕೆ ರಜ,” ಅಂದರು.

ಬಾಯಿ ಬಿಟ್ಟದ್ದು ಗುಂಪಿನ ಇನ್ನೊಬ್ಬರು, ರಿಟೈರಾದ ಬಸ್ ಡ್ರೈವರ್. ಅವರ ಹೊಟ್ಟೇಲಿ ಏನೂ ನಿಲ್ಲಲ್ಲ. “ನಿಮ್ಮ ತಂದೆ ಮೊದಲ್ನೇ ದಿನ ಏನು ಕೇಳಿದ್ರು ಗೊತ್ತೇನಮ್ಮ? ದೀಪಾವಳಿ ಬಟ್ಟೆ ಒಪ್ಕೊಳ್ಳಲಾ ಬ್ಯಾಡ್ವಾ ಅಂದ್ರು. ಒಪ್ಕಂಡು ನಾನೇ ಇಲ್ದಿದ್ರೆ ಜನರ ಬಟ್ಟೆ ಹಾಳಾಗುತ್ತೆ ಅಂದ್ರು. ನಾನಂದೆ, ಒಪ್ಕೊಳ್ಳಿ ಯಜಮಾನ್ರೇ, ಅಡ್ವಾನ್ಸ್ ಮಾತ್ರ ಪೂರ್ತಿ ಇಸ್ಕೊಂಡ್ಬಿಡಿ!” ಗೋಡೆ ಈಚೆಗೆ ನಮಗೆ ಕೇಳಿಸಿದ್ದ ಆ ನಗು ಅದಕ್ಕೇ ಬಂದದ್ದು. ಈ ಪ್ರಶ್ನೆಯನ್ನ ಮನೆಯಲ್ಲಿ ಕೇಳಿದ್ದರೆ ಏನಾಗ್ತಿತ್ತು ಅಂತ ಯೋಚಿಸಿದೆ. ಅವ್ವ ಕುಸಿದು ಕೂರೋಳು. ನಾನು, ಹಂಗೆಲ್ಲಾ ಮಾತಾಡಬಾರದಪ್ಪ ಅಂತ ಬಾಯಿ ಮುಚ್ಚಿಸೋಳು. ಅವನು ಕೇಳಿದ್ದು ಲೆಕ್ಕದ ಪ್ರಶ್ನೆ, ಅವನಿಗೆ ಬೇಕಿದ್ದದ್ದು ಲೆಕ್ಕದ ಉತ್ತರ.

ನಾಲ್ಕನೇ ಸೈಕಲ್ ಹೊತ್ತಿಗೆ ಬೆರಳ ತುದಿ ಜೋಮು ಹಿಡೀತು. ಸೂಜಿಗೆ ದಾರ ಪೋಣಿಸೋಕೆ ಆಗಲ್ಲ, ಗುಂಡಿ ಬೆರಳಲ್ಲಿ ನಿಲ್ಲಲ್ಲ. ಅದು ವಿನ್‌ಕ್ರಿಸ್ಟಿನ್ ಕೆಲಸ, ನಿಧಾನಕ್ಕೆ ವಾಪಸ್ ಬರುತ್ತೆ ಅಂತ ಡಾಕ್ಟ್ರು ಔಷಧಿಯ ಅಳತೆ ಇಳಿಸಿದರು. ಸ್ನಾನದ ನೀರಿನ ಬಿಸಿ ಬೆರಳಿಗೆ ಗೊತ್ತಾಗಲ್ಲ, ಮೊಣಕೈ ಅದ್ದಿ ನೋಡಿ ಅಂತ ಹೇಳಿಕೊಟ್ಟದ್ದು ಟೀಚರ್. ಕಾಜಾ ಹುಡುಗ ಬೆಳಗ್ಗೆ ಬಂದು ಒಂದು ಸಾಲು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗೋನು. ದೀಪಾವಳಿ ಬಟ್ಟೆ ಒಪ್ಪಿಕೊಂಡದ್ದಾಗಿತ್ತು. ಆ ವರ್ಷ ಅಕ್ಟೋಬರ್ ಕೊನೆಗೇ ಹಬ್ಬ ಬಂತು, ಆರನೇ ಸೈಕಲ್ ಆಗಿ ಇನ್ನೂ ಸರಿಯಾಗಿ ಊಟ ಸೇರ್ತಿರಲಿಲ್ಲ. ಆದರೂ ಒಂದು ಬಟ್ಟೆ ಹಬ್ಬ ದಾಟಲಿಲ್ಲ. ಕೆಲವು ಕಾಲರ್ ಸ್ವಲ್ಪ ಸೊಟ್ಟಗಿದ್ದವು. ಯಾರೂ ದೂರಲಿಲ್ಲ. ಮಾಮೂಲಿ ದಿನದಲ್ಲಾಗಿದ್ದರೆ ಜಗಳ ಮಾಡ್ತಿದ್ದರು ಅಂತ ಅಪ್ಪನಿಗೇ ಅದು ಬೇಜಾರು.

ಕೊನೇ ಪೆಟ್ ಸ್ಕ್ಯಾನ್ ಶುದ್ಧ ಬಂತು. ಗುಂಪಿಗೆ ಹೋಗೋದು ಇನ್ನು ಬೇಡ ಅಂತಾನೆ ಅಂದುಕೊಂಡಿದ್ದೆ. ಎರಡನೇ ಶನಿವಾರದ ರೈಲು ಅವನು ತಪ್ಪಿಸಲಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ರೈಲೇ ನಿಂತಾಗ ಎಲ್ಲಾ ಫೋನಿಗೆ ಬಂತು. ಟೀಚರ್ ನೋಟ್‌ಬುಕ್ಕಿನಲ್ಲಿದ್ದ ಹೆಸರುಗಳನ್ನ ಹಂಚಿ, ಹಾಸನ, ತಿಪಟೂರು, ಕಡೂರು ಕಡೆಯವರನ್ನ ಅಪ್ಪನಿಗೆ ಕೊಟ್ಟರು. ಅಪ್ಪ ಅವರ ನಂಬರುಗಳನ್ನ ಅಳತೆ ಪುಸ್ತಕದಲ್ಲೇ ಬರಕೊಂಡ, ಒಬ್ಬೊಬ್ಬರಿಗೂ ಎರಡೆರಡು ನಂಬರು. ಹಗಲು ಹಳೇ ರವಿಕೆ ಬಟ್ಟೆಯಲ್ಲಿ ಮಾಸ್ಕ್ ಹೊಲೀತಿದ್ದ, ಸಾಯಂಕಾಲ ಫೋನು.

ಆ ಏಪ್ರಿಲ್‌ನ ಒಂದು ರಾತ್ರಿ ಅಂಗಡಿಯಿಂದ ಅವನ ದನಿ ಜೋರಾಗಿ ಕೇಳಿ ಎದ್ದು ಹೋದೆ. ನನ್ನ ಕಡೆ ನೋಡದೆ ಕೈಯಲ್ಲೇ ತಡಿ ಅಂತ ಸನ್ನೆ ಮಾಡಿ ಮಾತು ಮುಂದುವರಿಸಿದ:

“ಎಷ್ಟೈತೆ? ನೂರೊಂದಾ? ಮಗಂಗೆ ಹೇಳಿದ್ರಾ? ಯಾಕೆ ಹೇಳ್ಲಿಲ್ಲ? ಮಲಗಿದ್ರೆ ಮಲಗ್ಲಿ ಅಂದ್ರೆ ಏನ್ರೀ ಅರ್ಥ? ಅದೆಲ್ಲಾ ಆಮೇಲೆ ಮಾತಾಡಣ. ಈಗ ಫೋನಿಡಿ. ಇಡಿ ಅಂದೆ. ನಿಮ್ಮ ಮಗನ ನಂಬರ್ ನನ್ ತಾವ ಐತೆ.”